ಕಾಲಿನ ಅರ್ಜಿ

ಬೈತಖೋಲದಿಂದ ಬಂಗುಡೆ ಹೊತ್ತು ಹೊರಟ ಪಿಕಪ್
ಬಿಣಗಾ ಏರಿನಲ್ಲಿ ಮೊಂಡು ಹಿಡಿಯಿತು.
ಎಷ್ಟು ತುಳಿದರೂ ಆಮೆನಡೆ,
ಹಳದಿ ದೀಪ ಕಣ್ಣು ಮುಚ್ಚಲೊಲ್ಲದು.
ಐಸು ಕರಗಿ ಹಿಂಬಾಗಿಲಿಂದ ಸೋರುತ್ತ
ಹೆದ್ದಾರಿಯಿಂದ ನನ್ನ ಗ್ಯಾರೇಜಿನ ತನಕ
ಒಂದು ನೀರಿನ ಗೆರೆ. ಗೆರೆಯ ಮೇಲೆ ಎರಡು ನಾಯಿ.

"ಕೇಬಲ್ ಹೋಗಿರಬೇಕು ಮಾಮ" ಅಂದ ಉಲ್ಲಾಸ.
ಬಗ್ಗಿ ನೋಡಿದೆ ಪೆಡಲಿನ ಹಿಂದೆ.
ಹೋಗಲು ಕೇಬಲ್ಲೇ ಇಲ್ಲ.
ಬೆಂಕಿಪೆಟ್ಟಿಗೆಯಷ್ಟು ಕರಿ ಡಬ್ಬಿ,
ಆರು ತಂತಿ, ಅಷ್ಟೆ.

ನನಗೆ ಗೊತ್ತಿದ್ದ ಪೆಡಲು ಬೇರೆ.
ಕಾಲೊತ್ತಿದರೆ ಕೇಬಲ್ ಜಗ್ಗುತ್ತಿತ್ತು,
ಕೇಬಲ್ ಜಗ್ಗಿದರೆ ಪಂಪಿನ ಸನ್ನೆ ವಾಲುತ್ತಿತ್ತು,
ಹೆಬ್ಬೆರಳಿಗೂ ಬೆಂಕಿಗೂ ನಡುವೆ
ಗ್ರೀಸು ಮೆತ್ತಿದ ಒಂದೇ ಎಳೆಯ ನಂಟು.
ಇಂಜಿನ್ನಿನ ನಡುಕ ಅದೇ ಎಳೆ ಹಿಡಿದು ತಿರುಗಿ ಬಂದು
ಅಂಗಾಲಿಗೆ ಹೇಳುತ್ತಿತ್ತು: ಕೇಳಿಸಿತು.

ಅದಿರು ಲಾರಿಗಳ ಕಾಲ. ಖಾಲಿ ಲಾರಿ,
ಅರಬೈಲ್ ಘಟ್ಟದ ಅರ್ಧದಲ್ಲಿ ಕೇಬಲ್ ಕಡಿದ ರಾತ್ರಿ
ಕ್ಲೀನರ್ ದತ್ತಾ ತಾಂಡೇಲ
ಸನ್ನೆಗೆ ಬಲೆಯ ಹಗ್ಗ ಬಿಗಿದು
ಕಿಟಕಿಯೊಳಗೆ ತಂದು ಮುಷ್ಟಿಗೆ ಸುತ್ತಿಕೊಂಡು ಕೂತ.
"ಜಗ್ಗು" ಅಂದರೆ ಜಗ್ಗಿದ, "ಬಿಡು" ಅಂದರೆ ಬಿಟ್ಟ.
ಒಬ್ಬನ ಬಾಯಿ, ಇನ್ನೊಬ್ಬನ ಕೈ,
ಯಲ್ಲಾಪುರ ಮುಟ್ಟಿದಾಗ ಮೊದಲ ಚಾ ಕುದಿಯುತ್ತಿತ್ತು.
ಈ ಕಥೆ ನಾನು ನೂರು ಸಲ ಹೇಳಿದ್ದೇನೆ.

ಹೇಳದ್ದು ಇನ್ನೊಂದಿದೆ.
ಅದೇ ದತ್ತಾ, ಎರಡು ಮಳೆಗಾಲದ ಮೇಲೆ,
ಆಗ ಅವನೇ ಡ್ರೈವರ್, ಬೆನ್ನಿಗೆ ತುಂಬಿದ ಅದಿರು,
ಅದೇ ಘಟ್ಟ ಇಳಿಯುವಾಗ
ಉಪ್ಪುಗಾಳಿಗೆ ತುಕ್ಕು ತಿಂದ ಕೇಬಲ್
ಜಗ್ಗಿದ್ದು ಜಗ್ಗಿದಂತೆಯೇ ಕಚ್ಚಿಕೊಂಡಿತು.
ಕಾಲೆತ್ತಿದ. ಇಂಜಿನ್ ಕೇಳಲಿಲ್ಲ.
ಹಿಂದಿನ ವಾರ ಆ ಕೇಬಲ್ಲಿಗೆ
ಗ್ರೀಸು ಹಚ್ಚಬೇಕಿದ್ದವನು ನಾನು.

ಸುಲಕ್ಷಾ ಬಂದಳು, ಐಟಿಐ ಕಲಿತ ಹುಡುಗಿ.
ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿ
ಕೈಗೆ ಒಂದು ಹನಿ ಎಣ್ಣೆ ತಾಗದೆ ಓದಿದಳು:
"ಇದರೊಳಗೆ ಇಬ್ಬರು ಸಾಕ್ಷಿ ಇದ್ದಾರೆ ಮಾಮ.
ಕಾಲು ಎಷ್ಟು ಒತ್ತಿತು ಅಂತ
ಇಬ್ಬರೂ ಬೇರೆ ಬೇರೆ ಬರೆದು ಕಳಿಸಬೇಕು.
ಹೊಂದಿದರೆ ಮಂಜೂರು.
ಹೊಂದದಿದ್ದರೆ, ಮೆಲ್ಲಗೆ ಮನೆಗೆ ನಡೆ ಅನ್ನುತ್ತದೆ."

ಅಂದರೆ ಕಾಲು ಈಗ ಎಳೆಯುವುದಿಲ್ಲ,
ಅರ್ಜಿ ಹಾಕುತ್ತದೆ.

ಅರ್ಜಿ ನನಗೆ ಗೊತ್ತು.
ನೌಕಾನೆಲೆಗೆ ಬಿಟ್ಟುಕೊಟ್ಟ ಗದ್ದೆಯ ದುಡ್ಡಿಗೆ
ಅಪ್ಪ ಹನ್ನೊಂದು ವರ್ಷ ಕಚೇರಿ ಹತ್ತಿಳಿದ,
ಸವೆದದ್ದು ಮೆಟ್ಟಿಲೋ ಚಪ್ಪಲಿಯೋ.
ಇಲ್ಲಿ ರೆಪ್ಪೆ ಬಡಿಯುವಷ್ಟರಲ್ಲಿ
ಹತ್ತಾರು ಅರ್ಜಿ ಹೋಗಿ ಹತ್ತಾರು ಹುಕುಂ ಬರುತ್ತವಂತೆ.
ಅದಕ್ಕಿಂತ ಹೆಚ್ಚು ನಾನು ಯೋಚಿಸಿದ್ದು ಬೇರೆ:
ಅನುಮಾನ ಬಂದರೆ ನಿಧಾನಿಸು ಎಂಬ ಒಂದು ಮಾತು
ಆ ಕೇಬಲ್ಲಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪ್ಲಗ್ ಬಿಚ್ಚಿದೆ. ಒಬ್ಬ ಸಾಕ್ಷಿಯ ನಾಲಿಗೆಗೆ
ಹಸಿರು ಕಿಲುಬು.
ಅದೇ ಕಡಲು, ಅದೇ ಉಪ್ಪು,
ಬಾಯಿ ಹಾಕುವ ಜಾಗ ಮಾತ್ರ ಸಣ್ಣದಾಗಿದೆ.
ಹಲ್ಲುಜ್ಜಿ ಬಿಟ್ಟ ಬ್ರಶ್ಶಿನಿಂದ ತಿಕ್ಕಿ, ಊದಿ, ಕೂಡಿಸಿದೆ.
ಸುಲಕ್ಷಾ ದೀಪ ಆರಿಸಿದಳು.

ಗಾಡಿ ಬಿಡುವ ಮುಂಚೆ ನಾನೇ ಕೂತು ಒತ್ತಿದೆ.
ಇಂಜಿನ್ ತಕ್ಷಣ ಓಗೊಟ್ಟಿತು,
ಅಂಗಾಲಿಗೆ ಮಾತ್ರ ಯಾರೂ ಸಿಗಲಿಲ್ಲ.
ಇದ್ದದ್ದು ಒಂದು ಸ್ಪ್ರಿಂಗು,
ಕಾಲಿನ ಸಮಾಧಾನಕ್ಕೆಂದು ಇಟ್ಟದ್ದು.

ಉಲ್ಲಾಸ ನೂರೈವತ್ತು ಕೊಟ್ಟು, ಎರಡು ಬಂಗುಡೆ ಕೊಟ್ಟು ಹೋದ.
ನಾಯಿಗಳು ಇನ್ನೂ ಕೂತಿದ್ದವು.
ಮೊಳೆಗೆ ತೂಗಿದ ಹಳೆ ಕೇಬಲ್ಲಿನ ಸುರುಳಿ ಇಳಿಸಿ
ಕತ್ತಲಾಗುವ ತನಕ ಗ್ರೀಸು ಹಚ್ಚಿದೆ.
ಅದು ಹೊಂದುವ ಗಾಡಿ ಈ ರಸ್ತೆಯಲ್ಲಿ ಒಂದೂ ಉಳಿದಿಲ್ಲ.